ಸಾಮ್ರಾಜ್ಯದ ಸಂಗಾತಿಯೆ? ಸ್ಪ್ಯಾನಿಷ್ ಭಾಷೆಯ ಹುಟ್ಟು ಮತ್ತು ಹರಹು

ಉತ್ತರ ಸ್ಪೇನಿನ ರಿಯೋಹಾ ಪ್ರಾಂತದಲ್ಲಿ ಸಾನ್ ಮಿಯಾನ್ ದೆ ಲಾ ಕೊಗೋಯಾ ಎಂಬ ಪ್ರಾಚೀನ ಮಠವಿದೆ. ಆ ಮಠಕ್ಕೆ ಸೇರಿದ್ದ ಒಂದು ಲ್ಯಾಟಿನ್ ಹಸ್ತಪ್ರತಿ ಈಗ ಮ್ಯಾಡ್ರಿಡ್‌ನ ಇತಿಹಾಸ ಅಕಾಡೆಮಿಯ ಸಂಗ್ರಹದಲ್ಲಿದೆ. ಅದನ್ನು ಓದುತ್ತಿದ್ದ ಸನ್ಯಾಸಿಯೊಬ್ಬ ಕಠಿಣವೆನಿಸಿದ ಪದಗಳ ಅರ್ಥವನ್ನು ಪುಟದ ಅಂಚಿನಲ್ಲಿಯೂ ಸಾಲುಗಳ ನಡುವೆಯೂ ಸಣ್ಣ ಅಕ್ಷರಗಳಲ್ಲಿ ಬರೆದಿಟ್ಟುಕೊಂಡಿದ್ದಾನೆ. ಸಾವಿರವನ್ನು ಮೀರುವ ಈ ಟಿಪ್ಪಣಿಗಳಲ್ಲಿ ಕೆಲವು ಸರಳ ಲ್ಯಾಟಿನಿನಲ್ಲಿವೆ. ಹಲವು ಅಂದಿನ ಆಡುಮಾತಾದ ರೋಮಾನ್ಸ್‌ನಲ್ಲಿವೆ. ಎರಡು ಮಾತ್ರ ಬಾಸ್ಕ್ ಭಾಷೆಯಲ್ಲಿವೆ. 1911ರಲ್ಲಿ ಮಾನುಯೆಲ್ ಗೋಮೆಸ್ ಮೊರೇನೊ ಇವುಗಳತ್ತ ವಿದ್ವಾಂಸರ ಗಮನ ಸೆಳೆದ ಮೇಲೆ, ಮುಂದೆ ರಾಮೋನ್ ಮೆನೆಂದೆಸ್ ಪಿದಾಲ್ ಅವರು ಸ್ಪ್ಯಾನಿಷ್ ಭಾಷೆಯ ಮೂಲವನ್ನು ಕುರಿತ ತಮ್ಮ 1926ರ ಗ್ರಂಥದಲ್ಲಿ ಇವನ್ನು ವಿಶ್ಲೇಷಿಸಿದರು. ಅಂದಿನಿಂದ ಸಾನ್ ಮಿಯಾನ್ ‘ಸ್ಪ್ಯಾನಿಷಿನ ತೊಟ್ಟಿಲು’ ಎಂದು ಕರೆಸಿಕೊಳ್ಳುತ್ತಿದೆ. ಈ ಬಿರುದು ಪೂರ್ತಿ ನಿಜವಲ್ಲ. ಟಿಪ್ಪಣಿಗಳ ಕಾಲವನ್ನು ಹಿಂದೆ ಹತ್ತನೆಯ ಶತಮಾನವೆಂದರು, ಈಗ ಹನ್ನೊಂದನೆಯದೆನ್ನುವವರೇ ಹೆಚ್ಚು. ಅಲ್ಲಿನ ರೋಮಾನ್ಸ್ ಕಾಸ್ತೀಲಿನದಲ್ಲ, ನವಾರ್‍ರಾ ಮತ್ತು ಅರಗೋನ್ ಸೀಮೆಗೆ ಹತ್ತಿರವಾದದ್ದು ಎಂಬುದೂ ಬಹುಮಟ್ಟಿಗೆ ಒಪ್ಪಿತವಾಗಿದೆ. ಆದರೂ ಆ ಪುಟಗಳಲ್ಲಿ ಒಂದು ಸಂಗತಿ ನಿಸ್ಸಂದೇಹವಾಗಿದೆ. ಮುಂದೆ ಅರ್ಧ ಭೂಮಂಡಲವನ್ನು ವ್ಯಾಪಿಸಿದ ಭಾಷಾಕುಟುಂಬದ ಅತಿ ಹಳೆಯ ಮಾತುಗಳು, ಎಂದೂ ಒಂದು ರಾಜ್ಯದ ಭಾಷೆಯಾಗದ ನೆರೆಭಾಷೆಯೊಂದರ ಅತಿ ಹಳೆಯ ಮಾತುಗಳೊಡನೆ, ಒಂದೇ ಹಸ್ತಪ್ರತಿಯ ಅಂಚನ್ನು ಹಂಚಿಕೊಂಡಿವೆ.

ಇಂದು ಸ್ಪ್ಯಾನಿಷನ್ನು ಮನೆಮಾತಾಗಿ ಉಳ್ಳವರು 50 ಕೋಟಿಗೆ ಸಮೀಪ. 20 ಸ್ವತಂತ್ರ ದೇಶಗಳಲ್ಲಿ ಅದು ಆಡಳಿತ ಭಾಷೆ. ಸ್ಪೇನಿನ ಜನಸಂಖ್ಯೆಯಾದರೋ 5 ಕೋಟಿಯನ್ನು ದಾಟಿಲ್ಲ. ಈ ಹರಹಿಗೆ ಸಾಮಾನ್ಯವಾಗಿ ಕೊಡುವ ವಿವರಣೆ ಸರಳವಾದುದು: ಕತ್ತಿ ಹೋದಲ್ಲಿಗೆ ಭಾಷೆಯೂ ಹೋಯಿತು. ಅದು ಅರ್ಧ ಸತ್ಯ ಮಾತ್ರ. ಕತ್ತಿ ಮುನ್ನೂರು ವರ್ಷ ಆಳಿದರೂ ಭಾಷೆ ಬೇರೂರದ ನಾಡುಗಳಿವೆ. ಕತ್ತಿ ಹೊರಗಟ್ಟಿದವರ ಮನೆಗಳಲ್ಲಿ ನಾನ್ನೂರೈವತ್ತು ವರ್ಷ ಉಳಿದ ಉದಾಹರಣೆಯೂ ಇದೆ. ಭಾಷೆಯೊಂದು ಇನ್ನೊಂದರ ಜಾಗವನ್ನು ಹಿಡಿಯುವುದು ಯಾವಾಗ, ಯಾರ ಮೂಲಕ ಎಂಬ ಪ್ರಶ್ನೆಯನ್ನು ಈ ಚರಿತ್ರೆಯ ಮೂಲಕ ಪರಿಶೀಲಿಸುವುದು ಇಲ್ಲಿನ ಉದ್ದೇಶ.

ರೋಮನ್ ಸೇನೆ ಐಬೀರಿಯಾ ಪರ್ಯಾಯದ್ವೀಪದಲ್ಲಿ ಇಳಿದದ್ದು ಕ್ರಿ. ಪೂ. 218ರಲ್ಲಿ, ಕಾರ್ಥೇಜಿನ ವಿರುದ್ಧದ ಎರಡನೆಯ ಯುದ್ಧದ ಸಂದರ್ಭದಲ್ಲಿ. ಕೊನೆಯ ಉತ್ತರದ ಬೆಟ್ಟಸೀಮೆ ಅಗಸ್ಟಸನಿಗೆ ಮಣಿದದ್ದು ಕ್ರಿ. ಪೂ. 19ರಲ್ಲಿ. ಅಂದರೆ ಗೆಲುವಿಗೇ ಎರಡು ಶತಮಾನ ಹಿಡಿಯಿತು. ಐಬೀರಿಯನ್, ಕೆಲ್ಟಿಬೀರಿಯನ್, ಲುಸಿಟಾನಿಯನ್ ಮೊದಲಾದ ಅಲ್ಲಿನ ಭಾಷೆಗಳು ನಾಣ್ಯಗಳಲ್ಲಿ, ಕಂಚಿನ ಹಲಗೆಗಳಲ್ಲಿ, ಶಿಲೆಗಳಲ್ಲಿ ತಮ್ಮ ಗುರುತನ್ನು ಬಿಟ್ಟು ಒಂದೊಂದಾಗಿ ಮರೆಯಾದವು. ಪಿರನೀಸ್ ಪರ್ವತದ ಪಶ್ಚಿಮ ಮಗ್ಗುಲಿನ ಬಾಸ್ಕ್ ಮಾತ್ರ ಉಳಿಯಿತು. ಯಾರೂ ಶಾಸನ ಹೊರಡಿಸಿ ಲ್ಯಾಟಿನನ್ನು ಹೇರಲಿಲ್ಲ. ಸೈನ್ಯದ ಸಂಬಳ, ಪಟ್ಟಣದ ಸಂತೆ, ನಾಗರಿಕ ಹಕ್ಕು, ಕೊನೆಗೆ ಇಗರ್ಜಿ ಇವು ಆ ಕೆಲಸ ಮಾಡಿದವು.

ಐದನೆಯ ಶತಮಾನದಲ್ಲಿ ಬಂದ ವಿಸಿಗೋತರು ರಾಜರಾದರು, ಆದರೆ ಪ್ರಜೆಗಳ ಭಾಷೆಯನ್ನೇ ಕಲಿತರು. ಫೆರ್ನಾಂದೊ, ರೊದ್ರಿಗೊ, ಅಲ್ಫೋನ್ಸೊ ಎಂಬ ಹೆಸರುಗಳೂ ಬೆರಳೆಣಿಕೆಯ ಪದಗಳೂ ಅವರಿಂದ ಉಳಿದವು. 711ರಲ್ಲಿ ಬಂದ ಅರಬ್ಬರ ಕಥೆ ಬೇರೆ. ಅರಬ್ಬಿ ಆಳ್ವಿಕೆಯ ಭಾಷೆ ಮಾತ್ರವಲ್ಲ, ಬೇಸಾಯ, ವೈದ್ಯ, ಗಣಿತ, ವ್ಯಾಪಾರಗಳ ಭಾಷೆಯೂ ಆಗಿತ್ತು. ನೀರಿನ ಕಾಲುವೆಗೆ ‘ಅಸೇಕಿಯಾ’, ಸುಂಕದ ಕಟ್ಟೆಗೆ ‘ಅದುವಾನಾ’, ಊರಿನ ಮುಖ್ಯಸ್ಥನಿಗೆ ‘ಅಲ್ಕಾಲ್ದೆ’, ಸಕ್ಕರೆಗೆ ‘ಅಸೂಕರ್’: ಎಲ್ಲವೂ ಅರಬ್ಬಿಯ ಬಳುವಳಿ. ಆಲಿವ್ ಮರವನ್ನು ‘ಒಲೀವೊ’ ಎಂಬ ಲ್ಯಾಟಿನ್ ಪದದಿಂದಲೂ ಅದರ ಎಣ್ಣೆಯನ್ನು ‘ಅಸೇಯಿತೆ’ ಎಂಬ ಅರಬ್ಬಿ ಪದದಿಂದಲೂ ಸ್ಪ್ಯಾನಿಷ್ ಇಂದಿಗೂ ಕರೆಯುತ್ತದೆ. ಗಿಡ ಒಬ್ಬರದು, ಗಾಣ ಇನ್ನೊಬ್ಬರದು ಎಂಬಂತೆ! ಅರಬ್ಬರ ಆಳ್ವಿಕೆಯ ಅಂದಲೂಸಿಯಾದಲ್ಲಿ ಮುಸಲ್ಮಾನರು, ಕ್ರೈಸ್ತರು, ಯಹೂದಿಗಳು ಮೂವರೂ ಆಡುತ್ತಿದ್ದ ರೋಮಾನ್ಸ್ ಒಂದಿತ್ತು. ಅರಬ್ಬಿ ಮತ್ತು ಹೀಬ್ರೂ ಕವಿತೆಗಳ ಕೊನೆಯಲ್ಲಿ ಬರುವ ‘ಖರ್ಜಾ’ ಎಂಬ ಚಿಕ್ಕ ಪಂಕ್ತಿಗಳಲ್ಲಿ ಆ ಮಾತು ಅನ್ಯಲಿಪಿಗಳಲ್ಲಿ ಅಡಗಿ ಕುಳಿತಿತ್ತು. 1948ರಲ್ಲಿ ಸ್ಯಾಮ್ಯುಯೆಲ್ ಸ್ಟರ್ನ್ ಹೀಬ್ರೂ ಲಿಪಿಯಲ್ಲಿದ್ದ ಕೆಲವು ಸಾಲುಗಳನ್ನು ರೋಮಾನ್ಸ್ ಎಂದು ಓದಿ ತೋರಿಸುವವರೆಗೆ ವಿದ್ವತ್ಪ್ರಪಂಚ ಅದನ್ನು ಗಮನಿಸಿರಲಿಲ್ಲ. ಲಿಪಿಯನ್ನೇ ಭಾಷೆಯೆಂದು ಭ್ರಮಿಸುವುದರಿಂದ ಆಗುವ ನಷ್ಟಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಸ್ಪ್ಯಾನಿಷ್ ಎಂದು ನಾವು ಕರೆಯುವ ಭಾಷೆ ಹುಟ್ಟಿದ್ದು ಈ ಸಮೃದ್ಧ ದಕ್ಷಿಣದಲ್ಲಲ್ಲ. ಉತ್ತರದ ಕಾಂತಾಬ್ರಿಯಾ ಬೆಟ್ಟಗಳ ಕೆಳಗೆ, ಬುರ್ಗೋಸ್ ಪಟ್ಟಣದ ಸುತ್ತಲಿನ ಗಡಿನಾಡಿನಲ್ಲಿ. ಕೋಟೆಗಳ ಸೀಮೆಯಾದ್ದರಿಂದ ಅದಕ್ಕೆ ಕಾಸ್ತೀಲ್ ಎಂದು ಹೆಸರು. ಬಾಸ್ಕರು, ಕಾಂತಾಬ್ರಿಯನ್ನರು, ದಕ್ಷಿಣದಿಂದ ಓಡಿ ಬಂದ ಕ್ರೈಸ್ತರು ಬೆರೆತು ನೆಲೆಸಿದ ಒರಟು ಗಡಿಸೀಮೆಯದು. ಅಕ್ಕಪಕ್ಕದ ರೋಮಾನ್ಸ್‌ಗಳಿಗೆ ಹೋಲಿಸಿದರೆ ಅಲ್ಲಿನ ಮಾತು ಹೊಸ ಬದಲಾವಣೆಗಳತ್ತ ಬೇಗ ವಾಲಿತು. ಲ್ಯಾಟಿನಿನ ಪದಾದಿ ಫಕಾರ ಅಲ್ಲಿ ಹಕಾರವಾಯಿತು, ಬಳಿಕ ಉಚ್ಚಾರದಿಂದ ಪೂರ್ತಿಯಾಗಿ ಬಿದ್ದುಹೋಯಿತು. ಮಗ ಎಂಬರ್ಥದ ‘ಫಿಲಿಯಸ್’ ಇಂದು ‘ಇಹೊ’. ಕಬ್ಬಿಣ ಎಂಬರ್ಥದ ‘ಫೆರ್‍ರಮ್’ ಇಂದು ‘ಇಯೆರ್‍ರೊ’. ಬರಹದಲ್ಲಿ ಮಾತ್ರ ಉಚ್ಚರಿಸದ ಹಕಾರ ಇನ್ನೂ ನಿಂತಿದೆ. ಬಾಸ್ಕ್ ಭಾಷೆಯಲ್ಲಿ ಮೊದಲು ಫಕಾರ ಇರಲಿಲ್ಲವಾದ್ದರಿಂದ ಇದು ಅದರ ಪ್ರಭಾವವೆಂದು ಮೆನೆಂದೆಸ್ ಪಿದಾಲ್ ವಾದಿಸಿದರು. ಇಲ್ಲಿ ಕನ್ನಡಿಗರಿಗೆ ತಮ್ಮದೇ ಒಂದು ಸಾಕ್ಷ್ಯ ನೆನಪಾಗದಿರದು. ಹಳಗನ್ನಡದ ಪಾಲ್, ಪೂ, ಪಕ್ಕಿಗಳು ಹಾಲು, ಹೂ, ಹಕ್ಕಿಗಳಾದವು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಆ ಹಕಾರವನ್ನೂ ಬಿಟ್ಟು ‘ಆಲು’ ಎನ್ನುವವರಿದ್ದಾರೆ. ಇದಕ್ಕೆ ಯಾವ ನೆರೆಭಾಷೆಯ ಒತ್ತಾಸೆಯೂ ಬೇಕಾಗಲಿಲ್ಲ. ಬಾಸ್ಕ್ ಪ್ರಭಾವದ ವಾದವನ್ನು ಇಷ್ಟರಿಂದ ತಳ್ಳಿಹಾಕಲಾಗದು. ಆದರೆ ಪ್ರತಿಯೊಂದು ಧ್ವನಿವ್ಯತ್ಯಾಸದ ಹಿಂದೆಯೂ ಒಂದು ನೆರೆಭಾಷೆಯನ್ನು ಹುಡುಕುವ ಮುನ್ನ ತಡೆದು ಯೋಚಿಸಬೇಕೆಂದು ಅದು ಎಚ್ಚರಿಸುತ್ತದೆ.

ಕಾಸ್ತೀಲಿನ ರಾಜ್ಯ ದಕ್ಷಿಣಕ್ಕೆ ಹಬ್ಬಿದಂತೆ ಭಾಷೆಯೂ ಹಬ್ಬಿತು. 1085ರಲ್ಲಿ ತೊಲೇದೊ, 1236ರಲ್ಲಿ ಕೋರ್ದೊಬಾ, 1248ರಲ್ಲಿ ಸೆವಿಲ್ಯಾ ಅದರ ಕೈಸೇರಿದವು. ಭಾಷೆಗೆ ಗ್ರಂಥಸ್ಥ ಘನತೆ ತಂದವನು 1252ರಿಂದ 1284ರವರೆಗೆ ಆಳಿದ ಹತ್ತನೆಯ ಅಲ್ಫೋನ್ಸೊ. ಕಾನೂನು, ಇತಿಹಾಸ, ಖಗೋಳಗಳನ್ನು ಅವನು ಲ್ಯಾಟಿನಿನಲ್ಲಲ್ಲದೆ ಕಾಸ್ತಿಲಿಯನ್‌ನಲ್ಲಿ ಬರೆಸಿದ. ಅರಬ್ಬಿ ಬಲ್ಲ ಯಹೂದಿ ಪಂಡಿತರು ಈ ಅನುವಾದ ಕಾರ್ಯದ ಬೆನ್ನೆಲುಬಾಗಿದ್ದರು. ಇಗರ್ಜಿಯ ಭಾಷೆಯಾದ ಲ್ಯಾಟಿನಿಗಿಂತ ಜನರ ಮಾತೇ ಅವರಿಗೆ ಹತ್ತಿರವಾಗಿತ್ತು. ಆದರೆ ಅದೇ ಅಲ್ಫೋನ್ಸೊ ಮೇರಿ ಮಾತೆಯ ಮೇಲಿನ ಹಾಡುಗಳನ್ನು ಗಲಿಸಿಯನ್-ಪೋರ್ಚುಗೀಸ್‌ನಲ್ಲಿ ಕಟ್ಟಿದ. ಶಾಸನಕ್ಕೊಂದು ಭಾಷೆ, ಹಾಡಿಗೊಂದು ಭಾಷೆ ಎಂಬುದು ಆ ಕಾಲಕ್ಕೆ ಯಾರಿಗೂ ವಿಚಿತ್ರವೆನಿಸಿರಲಿಲ್ಲ.

ಪ್ರಾಸಂಗಿಕವಾಗಿ ಒಂದು ಮಾತು. ‘ಎಸ್ಪಾನ್ಯೋಲ್’ ಎಂಬ ಹೆಸರು ಕಾಸ್ತೀಲಿನ ಧ್ವನಿನಿಯಮಗಳಿಗೆ ಹೊಂದುವುದಿಲ್ಲ. ಅದು ಪಿರನೀಸ್ ಆಚೆಯ ಆಕ್ಸಿಟನ್ ಭಾಷಿಕರು ಇಟ್ಟ ಹೆಸರೆಂಬುದು ಇಂದು ಪ್ರಬಲವಾಗಿರುವ ಅಭಿಪ್ರಾಯ. ಜನಾಂಗದ ಹೆಸರೇ ಗಡಿಯಾಚೆಯಿಂದ ಎರವಲು ಬಂದದ್ದು!

1492ನೆಯ ವರ್ಷ ಹಲವು ಘಟನೆಗಳನ್ನು ಒಂದೇ ಕಡೆ ತಂದಿಟ್ಟಿತು. ಜನವರಿಯಲ್ಲಿ ಗ್ರನಾಡಾ ಬಿದ್ದಿತು. ಮಾರ್ಚ್ 31ರಂದು ಯಹೂದಿಗಳನ್ನು ಹೊರಗಟ್ಟುವ ಆಜ್ಞೆ ಹೊರಟಿತು. ಆಗಸ್ಟ್ 3ರಂದು ಕೊಲಂಬಸ್ ಹಡಗು ಹತ್ತಿದ. ಅದೇ ತಿಂಗಳ 18ರಂದು ಸಾಲಮಾಂಕಾದಲ್ಲಿ ಆಂತೋನಿಯೊ ದೆ ನೆಬ್ರಿಹಾನ ಕಾಸ್ತಿಲಿಯನ್ ವ್ಯಾಕರಣ ಅಚ್ಚಿನಿಂದ ಹೊರಬಂದಿತು. ಭಾಷೆ ಸದಾ ಸಾಮ್ರಾಜ್ಯದ ಸಂಗಾತಿ ಎಂಬ ಭಾವದ ಅದರ ಮುನ್ನುಡಿಯನ್ನು ಉದ್ಧರಿಸದ ಭಾಷಾಚರಿತ್ರೆಯಿಲ್ಲ. ಈ ಪುಸ್ತಕದಿಂದೇನು ಪ್ರಯೋಜನವೆಂದು ರಾಣಿ ಇಸಾಬೆಲ್ ಕೇಳಿದಳೆಂದೂ, ಗೆದ್ದ ಜನರಿಗೆ ಕಾನೂನಿನೊಡನೆ ಭಾಷೆಯನ್ನೂ ಕಲಿಸಬೇಕಾಗುತ್ತದೆಂದು ಅವಿಲಾದ ಬಿಷಪ್ ತನ್ನ ಪರವಾಗಿ ಉತ್ತರಿಸಿದನೆಂದೂ ನೆಬ್ರಿಹಾನೇ ಬರೆದಿದ್ದಾನೆ. ಆದರೆ ಪುಸ್ತಕದ ಮುಂದಿನ ಗತಿಯನ್ನು ಹೇಳುವವರು ಕಡಿಮೆ. ಹದಿನೆಂಟನೆಯ ಶತಮಾನದವರೆಗೆ ಅದು ಮರುಮುದ್ರಣವನ್ನೇ ಕಾಣಲಿಲ್ಲ. 1481ರಲ್ಲಿ ಪ್ರಕಟವಾದ ಅವನ ಲ್ಯಾಟಿನ್ ವ್ಯಾಕರಣವಾದರೋ ಮತ್ತೆ ಮತ್ತೆ ಅಚ್ಚಾಗಿ ಅಮೆರಿಕಾಕ್ಕೂ ಹೋಯಿತು.

ಅಲ್ಲಿ ಅದು ಮಾಡಿದ ಕೆಲಸ ನೆಬ್ರಿಹಾ ಊಹಿಸಿರಲಾರದಂಥದು. ಮೆಕ್ಸಿಕೋದ ನಾವಾತ್ಲ್ ಭಾಷೆಯನ್ನು ಕಲಿತ ಫ್ರಾನ್ಸಿಸ್ಕನ್ ಸನ್ಯಾಸಿ ಆಂದ್ರೆಸ್ ದೆ ಓಲ್ಮೊಸ್, ನೆಬ್ರಿಹಾನ ಮಾದರಿಯನ್ನು ಮುಂದಿಟ್ಟುಕೊಂಡು, ಅದು ಹೊಂದದ ಕಡೆ ಬಿಟ್ಟುಕೊಟ್ಟು, 1547ರಲ್ಲಿ ಆ ಭಾಷೆಯ ವ್ಯಾಕರಣವನ್ನು ರಚಿಸಿದ. ಇಂಗ್ಲಿಷಿನ ಮೊದಲ ವ್ಯಾಕರಣ ಪ್ರಕಟವಾದದ್ದು 1586ರಲ್ಲಿ ಎಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ಆಲೋನ್ಸೊ ದೆ ಮೊಲೀನಾನ ನಾವಾತ್ಲ್ ಪದಕೋಶ 1555ರಲ್ಲಿ ಬಂದಿತು. ದೊಮಿಂಗೊ ದೆ ಸಾಂತೊ ತೊಮಾಸ್‌ನ ಕೆಚುವಾ ವ್ಯಾಕರಣ ಮತ್ತು ಪದಕೋಶ 1560ರಲ್ಲಿ. ಲೀಮಾ ನಗರದಲ್ಲಿ 1584ರಲ್ಲಿ ಅಚ್ಚಾದ ಧರ್ಮಪ್ರಶ್ನೋತ್ತರ ಪುಸ್ತಕ, ಅಂದರೆ ದಕ್ಷಿಣ ಅಮೆರಿಕಾದಲ್ಲಿ ಮುದ್ರಣಗೊಂಡ ಮೊದಲ ಪುಸ್ತಕ, ಸ್ಪ್ಯಾನಿಷ್, ಕೆಚುವಾ, ಐಮಾರಾ ಮೂರರಲ್ಲೂ ಇದೆ. ಸಾಮ್ರಾಜ್ಯದ ಸಂಗಾತಿಗಳಾಗಿದ್ದವು ನೆಲದ ಭಾಷೆಗಳೇ. ಎರಡನೆಯ ಫಿಲಿಪ್ 1570ರಲ್ಲಿ ನಾವಾತ್ಲ್‌ಗೆ ವಿಶೇಷ ಮನ್ನಣೆಯಿತ್ತ. ದೇಶೀಯರ ಮೇಲೆ ಸ್ಪ್ಯಾನಿಷನ್ನು ಕಡ್ಡಾಯಗೊಳಿಸುವ ಸಲಹೆ 1596ರಲ್ಲಿ ಮುಂದೆ ಬಂದಾಗ, ಹುಟ್ಟುಭಾಷೆ ಬಿಡುವಂತೆ ಬಲವಂತ ಮಾಡುವುದು ಸರಿಯಲ್ಲ, ಇಷ್ಟಪಟ್ಟವರಿಗೆ ಕಲಿಸಿದರೆ ಸಾಕು ಎಂದು ಅದನ್ನು ಒಪ್ಪಲಿಲ್ಲ. ಇದನ್ನು ಉದಾರತೆಯೆಂದು ಹೊಗಳಬೇಕಾಗಿಲ್ಲ. ಜಾನುವಾರಿನಂತೆ ದುಡಿಸಿಕೊಂಡ ಜನರ ಆತ್ಮೋದ್ಧಾರವನ್ನು ಅವರ ಭಾಷೆಯಲ್ಲಿಯೇ ಮಾಡಬೇಕೆಂಬ ಲೆಕ್ಕಾಚಾರ ಅದರ ಹಿಂದಿತ್ತು. ಮಧ್ಯವರ್ತಿಗಳಾದ ಪಾದ್ರಿಗಳ ಸ್ವಾರ್ಥವೂ ಇತ್ತು. ಅದೇನೇ ಇರಲಿ, ಮೆಕ್ಸಿಕೋದ ಹಳ್ಳಿಯ ಬರಹಗಾರರು ನಾವಾತ್ಲ್‌ನಲ್ಲಿಯೇ, ರೋಮನ್ ಲಿಪಿಯಲ್ಲಿ, ಉಯಿಲು, ಭೂಮಿಯ ಕ್ರಯಪತ್ರ, ಪಂಚಾಯಿತಿಯ ನಡವಳಿಗಳನ್ನು ಎರಡು ಶತಮಾನಗಳಿಗೂ ಮಿಕ್ಕಿ ಬರೆದರು. ಜೇಮ್ಸ್ ಲಾಕ್‌ಹಾರ್ಟ್ ಮತ್ತು ಅವರ ಶಿಷ್ಯರು ಆ ದಾಖಲೆಗಳಿಂದಲೇ ವಸಾಹತು ಮೆಕ್ಸಿಕೋದ ಸಾಮಾಜಿಕ ಚರಿತ್ರೆಯನ್ನು ಹೊಸದಾಗಿ ಬರೆದರು. ನಮ್ಮ ಅಡುಗೆಮನೆಯ ಟೊಮೇಟೊ, ಹಿತ್ತಿಲ ಸಪೋಟ ಎರಡೂ ನಾವಾತ್ಲ್ ಪದಗಳು, ಸ್ಪ್ಯಾನಿಷಿನ ಮೂಲಕ ಹಾದು ಕನ್ನಡದವರೆಗೆ ಬಂದವು.

ಅವನತಿ ಆರಂಭವಾದದ್ದು ಹದಿನೆಂಟನೆಯ ಶತಮಾನದಲ್ಲಿ, ಬೋರ್ಬನ್ ವಂಶದ ಏಕರೂಪದ ಆಡಳಿತದೊಡನೆ. ಅದೂ ಮೊದಲು ಸ್ಪೇನಿನೊಳಗೇ. 1707ರಿಂದ 1716ರವರೆಗಿನ ಶಾಸನಗಳು ವಾಲೆನ್ಸಿಯಾ, ಅರಗೋನ್, ಕತಲೋನಿಯಾಗಳ ಸ್ವಂತ ಕಾನೂನು ಸಂಸ್ಥೆಗಳನ್ನು ಕಿತ್ತುಹಾಕಿದವು; ಕತಲಾನ್ ಭಾಷೆ ಉಚ್ಚ ನ್ಯಾಯಾಲಯದಿಂದ ಹೊರಬಿದ್ದಿತು. 1770ರಲ್ಲಿ ಮೂರನೆಯ ಕಾರ್ಲೋಸ್ ಅಮೆರಿಕಾದ ದೇಶೀಯ ಭಾಷೆಗಳು ಅಳಿದು ಕಾಸ್ತಿಲಿಯನ್ ಒಂದೇ ಬಳಕೆಯಾಗಬೇಕೆಂದು ಆಜ್ಞಾಪಿಸಿದ. ಪೆರುವಿನಲ್ಲಿ ತೂಪಾಕ್ ಅಮಾರು ದಂಗೆಯನ್ನು ಅಡಗಿಸಿದ ಮೇಲೆ, 1781ರ ತೀರ್ಪಿನಲ್ಲಿ, ಇಂಕಾ ಉಡುಗೆ ಮತ್ತು ನೆನಪುಗಳೊಡನೆ ಕೆಚುವಾ ಭಾಷೆಯೂ ಅಪರಾಧಿಯ ಸ್ಥಾನದಲ್ಲಿ ನಿಂತಿತು. ಆದರೂ ಆಜ್ಞೆ ಕಾಗದದ ಮೇಲೆಯೇ ಉಳಿಯಿತು. ಅದನ್ನು ಜಾರಿಗೊಳಿಸುವಷ್ಟು ಶಾಲೆಗಳಾಗಲಿ ಮೇಷ್ಟರುಗಳಾಗಲಿ ಆ ಸಾಮ್ರಾಜ್ಯದ ಬಳಿ ಇರಲಿಲ್ಲ. ಮೆಕ್ಸಿಕೋ ಸ್ವತಂತ್ರವಾದ 1821ರಲ್ಲಿ ಅಲ್ಲಿನ ಬಹುಸಂಖ್ಯಾತರು ದೇಶೀಯ ಭಾಷಿಕರೇ ಆಗಿದ್ದರು.

ಇಂದು? 2020ರ ಜನಗಣತಿಯಂತೆ ಮೆಕ್ಸಿಕೋದಲ್ಲಿ ದೇಶೀಯ ಭಾಷೆ ಆಡುವವರು ಸುಮಾರು 73 ಲಕ್ಷ, ಜನಸಂಖ್ಯೆಯ ಶೇ. 6. ಮುನ್ನೂರು ವರ್ಷಗಳ ಸಾಮ್ರಾಜ್ಯ ಮಾಡಲಾಗದ್ದನ್ನು ಇನ್ನೂರು ವರ್ಷಗಳ ಗಣರಾಜ್ಯ ಮಾಡಿತು. ನನ್ನ ದೃಷ್ಟಿಯಲ್ಲಿ ಸ್ಪ್ಯಾನಿಷಿನ ಹರಹಿನ ಮುಖ್ಯ ಅಧ್ಯಾಯ ಇದು. ಜನಪ್ರಿಯ ಚರಿತ್ರೆಗಳು ಇದನ್ನೇ ಬೇಗ ದಾಟಿಬಿಡುತ್ತವೆ. ಸ್ವಾತಂತ್ರ್ಯದ ಮುಂದಾಳುಗಳಾದ ಕ್ರಿಯೋಲರು ಸ್ಪೇನನ್ನು ದ್ವೇಷಿಸಿದರು, ಸ್ಪ್ಯಾನಿಷನ್ನಲ್ಲ. ಅದು ಅವರ ಮನೆಮಾತು. ವೆನೆಜುವೆಲಾದಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆಸಿದ ಆಂದ್ರೆಸ್ ಬೆಯೊ 1847ರಲ್ಲಿ ಅಮೆರಿಕನ್ನರ ಬಳಕೆಗೆಂದು ಬರೆದ ವ್ಯಾಕರಣದ ಹಿಂದಿದ್ದ ಆತಂಕ, ಲ್ಯಾಟಿನ್ ಒಡೆದು ಹಲವು ಭಾಷೆಗಳಾದಂತೆ ಸ್ಪ್ಯಾನಿಷೂ ಒಡೆದೀತೆಂಬುದು. ಕೆಚುವಾ, ನಾವಾತ್ಲ್‌ಗಳ ಅಳಿವು ಆ ಪೀಳಿಗೆಯ ಚಿಂತೆಯಾಗಿರಲಿಲ್ಲ. ಹೊಸ ಸಂವಿಧಾನಗಳ ಕಣ್ಣಿಗೆ ಎಲ್ಲರೂ ಸಮಾನ ಪ್ರಜೆಗಳು. ಆದ್ದರಿಂದಲೇ ‘ಇಂಡಿಯನ್’ ಎಂಬ ಪ್ರತ್ಯೇಕ ಕಾನೂನಿನ ವರ್ಗವೂ, ಅದಕ್ಕಂಟಿಕೊಂಡಿದ್ದ ಹಳ್ಳಿಯ ಸ್ವಂತ ದಫ್ತರವೂ ರದ್ದಾದವು. 1856ರ ಲೆರ್ದೊ ಕಾನೂನು ಸಮುದಾಯದ ಸಾಮೂಹಿಕ ಭೂಮಿಯನ್ನು ಒಡೆದು ಖಾಸಗಿ ಹಿಡುವಳಿಯಾಗಿಸಿತು. ಜಮೀನನ್ನು ಉಳಿಸಿಕೊಳ್ಳಲು ಸ್ಪ್ಯಾನಿಷಿನ ಹಕ್ಕುಪತ್ರ, ಸ್ಪ್ಯಾನಿಷಿನ ವಕೀಲ, ಸ್ಪ್ಯಾನಿಷಿನ ನ್ಯಾಯಾಲಯ ಬೇಕಾದವು. 1921ರಲ್ಲಿ ಹೊಸೆ ವಾಸ್ಕೊನ್ಸೆಲೊಸ್ ನೇತೃತ್ವದಲ್ಲಿ ಶಿಕ್ಷಣ ಸಚಿವಾಲಯ ಸ್ಥಾಪನೆಯಾದ ಮೇಲೆ ಗ್ರಾಮಶಾಲೆಗಳು ಹಬ್ಬಿದವು. ಅವು ಅಕ್ಷರ ಕೊಟ್ಟವು, ಆರೋಗ್ಯದ ಅರಿವು ಕೊಟ್ಟವು, ಮಗುವಿನ ಬಾಯಿಂದ ಅವ್ವನ ಮಾತನ್ನು ಕಿತ್ತುಕೊಂಡವು. ಕ್ರಾಂತಿಯ ಆದರ್ಶ ತುಂಬಿದ್ದ ಮೇಷ್ಟರುಗಳೇ ಈ ಕೆಲಸ ಮಾಡಿದರು ಎಂಬುದು ಇದನ್ನು ಇನ್ನಷ್ಟು ಸಂಕಟದ ಕಥೆಯಾಗಿಸುತ್ತದೆ. ದುಷ್ಟರು ಯಾರೆಂದು ಬೊಟ್ಟು ಮಾಡಿ ತೋರಿಸಲು ಇಲ್ಲಿ ಬರುವುದಿಲ್ಲ.

ಅರ್ಜೆಂಟೀನಾದಲ್ಲಿ ಇದೇ ಯಂತ್ರ ಯೂರೋಪಿನ ವಲಸಿಗರ ಮೇಲೆ ನಡೆಯಿತು. ಲಕ್ಷಾಂತರ ಇಟಾಲಿಯನ್ನರು ಬಂದಿಳಿದ ಆ ದೇಶದಲ್ಲಿ 1884ರ 1420ನೆಯ ಕಾನೂನು ಉಚಿತ, ಕಡ್ಡಾಯ ಶಿಕ್ಷಣವನ್ನು ತಂದಿತು. ವಲಸಿಗರ ಮಕ್ಕಳು ಒಂದೇ ತಲೆಮಾರಿನಲ್ಲಿ ಸ್ಪ್ಯಾನಿಷಿಗರಾದರು; ಬ್ಯೂನಸ್ ಐರಿಸ್ಸಿನ ಬೀದಿಮಾತಿನಲ್ಲೂ ರಾಗದಲ್ಲೂ ಇಟಾಲಿಯನ್ ಉಳಿದುಕೊಂಡಿತು.

ಪರಾಗ್ವೆ ಮಾತ್ರ ಬೇರೆ ದಾರಿ ಹಿಡಿಯಿತು. ಬೆಳ್ಳಿಯಿಲ್ಲದ ಆ ನಾಡಿಗೆ ಬಂದ ಸ್ಪೇನಿಗರು ಕೆಲವೇ ಮಂದಿ. ಬಂದವರು ಗುವಾರಾನಿ ಹೆಂಗಸರೊಡನೆ ಸಂಸಾರ ಹೂಡಿದರು. ಮಕ್ಕಳು ತಾಯಿಯ ಭಾಷೆಯಲ್ಲಿ ಬೆಳೆದರು. ಜೆಸ್ವಿಟರ ನೆಲೆಗಳಲ್ಲೂ ಗುವಾರಾನಿಯೇ ನಡೆಯಿತು. ಆಂತೋನಿಯೊ ರೂಯಿಸ್ ದೆ ಮೊಂತೊಯಾನ ಬೃಹತ್ ಕೋಶ 1639ರಲ್ಲಿ ಪ್ರಕಟವಾಯಿತು. 1992ರ ಸಂವಿಧಾನ ಗುವಾರಾನಿಗೆ ಸ್ಪ್ಯಾನಿಷಿನೊಡನೆ ಸಮಾನ ಸ್ಥಾನ ನೀಡಿದೆ. ದೇಶೀಯ ರಕ್ತಸಂಬಂಧವಿಲ್ಲದವರ ನಾಲಗೆಯಲ್ಲೂ ಅದು ಮನೆಮಾತು. ಆದರೆ ಕಚೇರಿಯ ಕಡತಗಳಲ್ಲಿ, ಪತ್ರಿಕೆಗಳಲ್ಲಿ ಇಂದಿಗೂ ಸ್ಪ್ಯಾನಿಷಿನದೇ ಮೇಲುಗೈ.

ಫಿಲಿಪ್ಪೀನ್ಸ್ ಇನ್ನೂ ಸ್ಪಷ್ಟವಾದ ಉದಾಹರಣೆ. 1565ರಿಂದ 1898ರವರೆಗೆ ಸ್ಪೇನ್ ಅದನ್ನು ಆಳಿತು. ನೆಲೆಸಲು ಬಂದ ಸ್ಪೇನಿಗರು ತೀರ ವಿರಳ. ಪಾದ್ರಿಗಳು ತಗಾಲೊಗ್, ಸೆಬುವಾನೊ ಮೊದಲಾದ ಭಾಷೆಗಳಲ್ಲಿ ಬೋಧಿಸಿದರು. ಸಾರ್ವಜನಿಕ ಪ್ರಾಥಮಿಕ ಶಿಕ್ಷಣದ ಶಾಸನ ಬಂದದ್ದೇ 1863ರಲ್ಲಿ. ಆ ಮೇಲೆ ಬೆಳೆದ ಸಣ್ಣ ವಿದ್ಯಾವಂತ ವರ್ಗ ಸ್ಪ್ಯಾನಿಷನ್ನು ಸ್ಪೇನಿನ ವಿರುದ್ಧವೇ ಬಳಸಿತು. ಹೊಸೆ ರಿಸಾಲ್ 1887ರಲ್ಲಿ ಬರ್ಲಿನ್‌ನಲ್ಲಿ ಅಚ್ಚುಹಾಕಿಸಿದ ಕಾದಂಬರಿ ಸ್ಪ್ಯಾನಿಷಿನಲ್ಲಿದೆ. ಸ್ವಾತಂತ್ರ್ಯ ಸಾರಿದ ಗಣರಾಜ್ಯದ 1899ರ ಮಾಲೋಲೊಸ್ ಸಂವಿಧಾನವೂ ಸ್ಪ್ಯಾನಿಷಿನಲ್ಲಿದೆ. ಬಳಿಕ ಬಂದ ಅಮೆರಿಕನ್ನರು ಸಾವಿರಾರು ಶಾಲೆ ತೆರೆದು ಒಂದೆರಡು ತಲೆಮಾರುಗಳಲ್ಲಿ ಇಂಗ್ಲಿಷನ್ನು ನಾಟಿದರು. 1987ರ ಸಂವಿಧಾನದಲ್ಲಿ ಸ್ಪ್ಯಾನಿಷ್ ಆಡಳಿತ ಭಾಷೆಯಾಗಿ ಉಳಿಯಲಿಲ್ಲ. ಸಾಂಬೊವಾಂಗಾ ಪಟ್ಟಣದ ಚವಕಾನೊ ಎಂಬ ಬೆರಕೆ ಭಾಷೆಯಲ್ಲಿ, ಸ್ಪ್ಯಾನಿಷ್ ಪದಗಳು ಫಿಲಿಪ್ಪೀನ್ ವಾಕ್ಯಗಳೊಳಗೆ ಕುಳಿತು, ಇಂದಿಗೂ ಸಂತೆಯಲ್ಲಿ ಚೌಕಾಸಿ ಮಾಡುತ್ತಿವೆ.

ಇದಕ್ಕೆ ಎದುರಾಗಿ ನಿಲ್ಲುವುದು 1492ರಲ್ಲಿ ಹೊರಗಟ್ಟಿಸಿಕೊಂಡ ಯಹೂದಿಗಳ ಭಾಷೆ. ಸಲೋನಿಕಾ, ಇಸ್ತಾಂಬುಲ್, ಇಜ್ಮಿರ್‌ಗಳಲ್ಲಿ ನೆಲೆಸಿದ ಅವರು ತಮ್ಮ ಕಾಸ್ತಿಲಿಯನ್ನನ್ನು ಹೀಬ್ರೂ ಲಿಪಿಯಲ್ಲಿ ಬರೆದರು; ಯಾಕೊವ್ ಕೂಲಿಯವರ ‘ಮೆಆಮ್ ಲೋಎಜ್’ ಎಂಬ ಮಹಾವ್ಯಾಖ್ಯಾನ 1730ರಲ್ಲಿ ಇಸ್ತಾಂಬುಲ್‌ನಲ್ಲಿ ಅಚ್ಚಾಗತೊಡಗಿತು. ಸ್ಪೇನಿನಲ್ಲಿ ಗಂಟಲ ಧ್ವನಿಯಾಗಿ ಮಾರ್ಪಟ್ಟ ಹಳೆಯ ಶಕಾರ ಇವರ ಬಾಯಲ್ಲಿ ಹಾಗೆಯೇ ನಿಂತಿತು: ‘ಹೇಳಿದ’ ಎಂಬುದಕ್ಕೆ ಅಲ್ಲಿ ‘ದಿಹೊ’, ಇಲ್ಲಿ ‘ದಿಶೊ’. ಸೈನ್ಯ, ಸರಕಾರ, ಅಕಾಡೆಮಿ ಯಾವುದೂ ಬೆನ್ನಿಗಿರಲಿಲ್ಲ. ಕುಟುಂಬ, ಪ್ರಾರ್ಥನಾಮಂದಿರ, ಮುದ್ರಣಾಲಯ ಮೂರೇ ಇದ್ದವು. ಧಕ್ಕೆ ಮೊದಲು ತಂದದ್ದು ಶಾಲೆಗಳೇ, ಫ್ರೆಂಚ್ ಮತ್ತು ತುರ್ಕಿ ಶಾಲೆಗಳು. 1943ರಲ್ಲಿ ನಾತ್ಸಿಗಳು ಸಲೋನಿಕಾದ ಸಮುದಾಯದ 40 ಸಾವಿರಕ್ಕೂ ಹೆಚ್ಚು ಜನರನ್ನು ಆಶ್ವಿಟ್ಜ್‌ಗೆ ಸಾಗಿಸಿದರು. ಆಡುವವರನ್ನೇ ಕೊಂದ ಮೇಲೆ ಭಾಷೆಯ ಉಳಿವಿನ ಚರ್ಚೆಗೆ ಅರ್ಥವಿಲ್ಲ.

ಕೊನೆಯದಾಗಿ, ಗಡಿಯ ಕಥೆ. 1848ರ ಗ್ವಾದಲೂಪೆ ಹಿದಾಲ್ಗೊ ಒಪ್ಪಂದದಿಂದ ಮೆಕ್ಸಿಕೋ ತನ್ನ ಉತ್ತರದ ವಿಶಾಲ ಭೂಭಾಗವನ್ನು ಅಮೆರಿಕಾ ಸಂಯುಕ್ತ ಸಂಸ್ಥಾನಕ್ಕೆ ಬಿಟ್ಟುಕೊಟ್ಟಿತು. ಸಾಂತಾ ಫೆ ಸುತ್ತಲಿನ ಹಳ್ಳಿಗರು ಅಲ್ಲಿಗೆ ಹದಿನೇಳನೆಯ ಶತಮಾನದ ಆರಂಭದಿಂದಲೇ ಒಕ್ಕಲಾಗಿದ್ದವರು. ಅವರು ಗಡಿ ದಾಟಲಿಲ್ಲ, ಗಡಿಯೇ ಅವರನ್ನು ದಾಟಿತು. 1956ರಲ್ಲಿ ಮನೆ ಬದಲಿಸದೆಯೇ ರಾಜ್ಯ ಬದಲಿಸಿದ ಕಾಸರಗೋಡಿನವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. 1912ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯವಾದಾಗ ಅದರ ಸಂವಿಧಾನ ಸ್ಪ್ಯಾನಿಷ್ ಭಾಷಿಕರ ಮತದಾನದ ಹಕ್ಕನ್ನು ರಕ್ಷಿಸಿತು. ಸ್ಪ್ಯಾನಿಷ್ ಮಕ್ಕಳಿಗೆ ಕಲಿಸುವ ಶಿಕ್ಷಕರು ಎರಡೂ ಭಾಷೆಗಳಲ್ಲಿ ತರಬೇತಾಗಬೇಕೆಂದು ವಿಧಿಸಿತು. ಸಂವಿಧಾನದ ಆ ವಿಧಿ ಇಂದಿಗೂ ಇದೆ. ಆದರೆ ಇಪ್ಪತ್ತನೆಯ ಶತಮಾನದ ಬಹುಕಾಲ ನೈರುತ್ಯ ಅಮೆರಿಕಾದ ಶಾಲೆಗಳ ಅಂಗಳದಲ್ಲಿ ಸ್ಪ್ಯಾನಿಷ್ ಆಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ದೇಶಕ್ಕೆ ಹೊಸ ವಲಸಿಗರು ನಿರಂತರ ಬರುತ್ತಿರುವುದರಿಂದ ಮನೆಯಲ್ಲಿ ಸ್ಪ್ಯಾನಿಷ್ ಆಡುವವರ ಸಂಖ್ಯೆ ಇಂದು 4 ಕೋಟಿಯನ್ನು ಮೀರಿದೆ. ಕುಟುಂಬಗಳೊಳಗೆ ಮಾತ್ರ ಮೂರನೆಯ ತಲೆಮಾರಿನ ಹೊತ್ತಿಗೆ ಅದು ಬಹುಮಟ್ಟಿಗೆ ಇಂಗ್ಲಿಷಿಗೆ ಸ್ಥಳ ಬಿಟ್ಟಿರುತ್ತದೆ. 1909ರಿಂದ ಆರೆಲಿಯೊ ಎಸ್ಪಿನೋಸಾ ಅವರು ದಾಖಲಿಸಿದ ನ್ಯೂ ಮೆಕ್ಸಿಕೋದ ಹಳೆಯ ಒಳನುಡಿಯಲ್ಲಿ ‘ತಂದೆನು’ ಎಂಬುದಕ್ಕೆ ‘ತ್ರೂಹೆ’ ಎನ್ನುತ್ತಾರೆ. ಅದು ಸೆರ್ವಾಂತೆಸನ ಕಾಲದಲ್ಲಿ ಶಿಷ್ಟರೂ ಬಳಸುತ್ತಿದ್ದ ರೂಪ. ಆ ಹಳ್ಳಿಗಳ ಅಜ್ಜಿಯರು ಈಗಲೂ ಹಾಗೆ ಹೇಳುತ್ತಾರೆ. ಕಾಲೇಜಿನಲ್ಲಿ ಸ್ಪ್ಯಾನಿಷನ್ನು ಎರಡನೆಯ ಭಾಷೆಯಾಗಿ ಕಲಿತು ಬರುವ ಮೊಮ್ಮಕ್ಕಳ ಪಠ್ಯಪುಸ್ತಕದಲ್ಲಿ ಇರುವುದು ‘ತ್ರಾಹೆ’.